ಹೃದಯದ ಲಯ ತಪ್ಪಿದಾಗ ದಿನನಿತ್ಯದ ಬದುಕು: ಏಟ್ರಿಯಲ್ ಫಿಬ್ರಿಲೇಶನ್ ಇರುವವರಿಗೆ

ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ಕಾಯಿಲೆ) ಇರುವ ಇಬ್ಬರನ್ನು ಅಕ್ಕಪಕ್ಕ ಕೂರಿಸಿ ಮಾತಾಡಿಸಿದರೆ ಇಬ್ಬರಿಗೂ ಒಂದೇ ಕಾಯಿಲೆ ಎಂದು ನಂಬುವುದು ಕಷ್ಟ. ಒಬ್ಬರ ಹೃದಯ ದಿನದ 24 ಗಂಟೆಯೂ ಲಯ ತಪ್ಪಿಯೇ ಬಡಿಯುತ್ತಿರುತ್ತದೆ. ಅವರಿಗೆ ಅದರ ಅರಿವೇ ಇಲ್ಲ. ಬೇರೆ ಯಾವುದೋ ತಪಾಸಣೆಗೆ ಹೋದಾಗ ಇಸಿಜಿಯಲ್ಲಿ ಕಂಡುಬಂದಿರುತ್ತದೆ. ಇನ್ನೊಬ್ಬರಿಗೆ ತಿಂಗಳಲ್ಲಿ ಒಮ್ಮೆ, ಎರಡು ಗಂಟೆ ಮಾತ್ರ ಬಡಿತ ಕೆಡುತ್ತದೆ. ಆದರೆ ಉಳಿದ ದಿನಗಳೆಲ್ಲ ಅದು ಮತ್ತೆ ಯಾವಾಗ ಬರುತ್ತದೋ ಎಂಬ ಆತಂಕದಲ್ಲೇ ಕಳೆಯುತ್ತವೆ. ಮೆಟ್ಟಿಲು ಹತ್ತುವುದು, ಪ್ರಯಾಣ, ಮನೆಯಲ್ಲಿ ಒಬ್ಬರೇ ಇರುವುದು ಒಂದೊಂದಾಗಿ ನಿಂತುಹೋಗುತ್ತವೆ. ಇಸಿಜಿ ನೋಡಿದರೆ ಮೊದಲನೆಯವರ ಕಾಯಿಲೆ ದೊಡ್ಡದು. ಬದುಕು ನೋಡಿದರೆ ಎರಡನೆಯವರೇ ಹೆಚ್ಚು ಸೋತಿರುವುದು.

ಆದ್ದರಿಂದ ಈ ಕಾಯಿಲೆಯ ಚಿಕಿತ್ಸೆಯಲ್ಲಿ ಮೂರು ಕೆಲಸಗಳಿವೆ, ಮೂರೂ ಬೇರೆ ಬೇರೆ. ಪಾರ್ಶ್ವವಾಯು ಆಗದಂತೆ ತಡೆಯುವುದು ಒಂದು. ಬಡಿತದ ವೇಗವನ್ನೋ ಲಯವನ್ನೋ ಹತೋಟಿಗೆ ತರುವುದು ಇನ್ನೊಂದು. ಕಳೆದುಕೊಂಡ ಓಡಾಟ, ನಿದ್ದೆ, ಧೈರ್ಯವನ್ನು ಮರಳಿ ಪಡೆಯುವುದು ಮೂರನೆಯದು. ಇವನ್ನು ಒಂದೇ ಎಂದುಕೊಂಡಾಗ ಎಡವಟ್ಟುಗಳು ಶುರುವಾಗುತ್ತವೆ. ಬಡಿತ ಸರಿಹೋಯಿತೆಂದು ರಕ್ತ ತೆಳುವಾಗಿಸುವ ಮಾತ್ರೆ ಬಿಡುತ್ತಾರೆ. ಮಾತ್ರೆ ತಪ್ಪದೆ ತೆಗೆದುಕೊಂಡರೂ ಸುಸ್ತು ಹೋಗಿಲ್ಲವೆಂದು ಚಿಕಿತ್ಸೆಯೇ ಸರಿಯಿಲ್ಲ ಅನ್ನುತ್ತಾರೆ. ಎಲ್ಲ ವರದಿಗಳೂ ಚೆನ್ನಾಗಿದ್ದರೂ ಮನೆಯಿಂದ ಹೊರಬೀಳಲು ಹೆದರುವವರನ್ನು ಯಾರೂ ಕೇಳುವುದಿಲ್ಲ.

ದೇಹದೊಳಗೆ ಆಗುವುದೇನು

ಹೃದಯದ ಬಲ ಮೇಲ್ಕೋಣೆಯಲ್ಲಿರುವ ಸೈನಸ್ ನೋಡ್ ಎಂಬ ಪುಟ್ಟ ಜೀವಕೋಶಗಳ ಗುಂಪು, ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 60ರಿಂದ 100 ಸಲ ವಿದ್ಯುತ್ ಸಂಕೇತ ಕಳಿಸುತ್ತದೆ. ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಮೇಲಿನ ಎರಡು ಕೋಣೆಗಳಲ್ಲೂ ನಿಮಿಷಕ್ಕೆ 350ರಿಂದ 600ರಷ್ಟು ಅಡ್ಡಾದಿಡ್ಡಿ ಸಂಕೇತಗಳು ಹರಿದಾಡುತ್ತವೆ. ಕೋಣೆಗಳು ಒಟ್ಟಾಗಿ ಹಿಂಡುವ ಬದಲು ಸುಮ್ಮನೆ ಅದುರುತ್ತವೆ. ಕೆಳಗಿನ ಕೋಣೆಗಳಿಗೆ ಹೋಗುವ ದಾರಿಯಲ್ಲಿರುವ ಏವಿ ನೋಡ್ ಈ ಸಂಕೇತಗಳಲ್ಲಿ ಹೆಚ್ಚಿನವನ್ನು ತಡೆಯುತ್ತದೆ. ಹಾಗಿದ್ದೂ ನುಸುಳಿ ಬಂದವು ಸಾಕಷ್ಟಿರುತ್ತವೆ, ಅದೂ ಹೊತ್ತುಗೊತ್ತಿಲ್ಲದೆ. ಮಾತ್ರೆ ಇಲ್ಲದಿದ್ದರೆ ನಾಡಿ ಸಾಮಾನ್ಯವಾಗಿ 110ರಿಂದ 160ರ ನಡುವೆ, ಯಾವ ಕ್ರಮವೂ ಇಲ್ಲದೆ ಓಡುತ್ತದೆ.

ರೋಗಿ ಹೇಳುವ ಒಂದೊಂದು ತೊಂದರೆಗೂ ಇಲ್ಲಿಯೇ ಕಾರಣ ಸಿಗುತ್ತದೆ. ಮೇಲಿನ ಕೋಣೆಗಳ ಹಿಂಡುವಿಕೆಯಿಂದ ಕೆಳಗಿನ ಕೋಣೆಗಳಿಗೆ ಸುಮಾರು 20ರಿಂದ 30 ಶೇಕಡಾ ರಕ್ತ ತುಂಬುತ್ತದೆ. ಅದು ನಿಂತುಹೋದಾಗ ಪ್ರತಿ ಬಡಿತಕ್ಕೂ ಹೊರಬೀಳುವ ರಕ್ತ ಕಡಿಮೆಯಾಗುತ್ತದೆ. ವರ್ಷಗಟ್ಟಲೆ ರಕ್ತದೊತ್ತಡವಿದ್ದು ಹೃದಯದ ಗೋಡೆ ಬಿರುಸಾದವರಿಗೆ ಈ ನಷ್ಟ ತುಂಬಾ ತಟ್ಟುತ್ತದೆ, ನಾಲ್ಕು ಹೆಜ್ಜೆಗೇ ಏದುಸಿರು ಬರುತ್ತದೆ. ಎರಡು ಬಡಿತಗಳ ನಡುವೆ ಸಮಯ ತೀರಾ ಕಡಿಮೆ ಇದ್ದರೆ ಹೃದಯ ತುಂಬುವ ಮೊದಲೇ ಹಿಂಡಿಬಿಡುತ್ತದೆ. ಆ ಬಡಿತ ಮಣಿಕಟ್ಟಿನವರೆಗೆ ತಲುಪುವುದೇ ಇಲ್ಲ. ಹಾಗಾಗಿ ಎದೆಗೆ ಸ್ಟೆಥಾಸ್ಕೋಪ್ ಇಟ್ಟು ಎಣಿಸಿದರೆ 120 ಇರುವುದು ನಾಡಿಯಲ್ಲಿ 90 ಎಂದು ಸಿಗಬಹುದು.

ಕಾಯಿಲೆ ಕೆರಳಿದ ರಾತ್ರಿ ಪದೇ ಪದೇ ಮೂತ್ರಕ್ಕೆ ಏಳಬೇಕಾಗುತ್ತದೆ ಎಂದು ಅನೇಕರು ಸಂಕೋಚದಿಂದ ಹೇಳುತ್ತಾರೆ, ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಗೊತ್ತಿಲ್ಲದೆ. ಮೇಲ್ಕೋಣೆಗಳು ಹಿಗ್ಗಿದಾಗ ಅವುಗಳ ಗೋಡೆಯಿಂದ ಒಂದು ಹಾರ್ಮೋನು ಬಿಡುಗಡೆಯಾಗುತ್ತದೆ, ಅದು ಮೂತ್ರಪಿಂಡಗಳಿಗೆ ಉಪ್ಪು ನೀರನ್ನು ಹೊರಹಾಕಲು ಹೇಳುತ್ತದೆ. ಇನ್ನು ಕೆಲವರಿಗೆ ತಲೆ ಸುತ್ತುವುದು ಬಡಿತ ಕೆಟ್ಟಾಗ ಅಲ್ಲ, ಸರಿಹೋಗುವ ಗಳಿಗೆಯಲ್ಲಿ. ಅಡ್ಡಾದಿಡ್ಡಿ ಸಂಕೇತಗಳು ಥಟ್ಟನೆ ನಿಂತಾಗ ಸೈನಸ್ ನೋಡ್ ಎಚ್ಚೆತ್ತುಕೊಳ್ಳಲು ಕೆಲವು ಸೆಕೆಂಡು ತೆಗೆದುಕೊಂಡರೆ ಆ ಹೊತ್ತಿನಲ್ಲಿ ಹೃದಯ ಬಡಿಯುವುದೇ ಇಲ್ಲ. ಇದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಅಂಥವರಿಗೆ ವೇಗ ತಗ್ಗಿಸುವ ಮಾತ್ರೆ ಹೆಚ್ಚಿಸಿದರೆ ತಲೆಸುತ್ತು ಇನ್ನಷ್ಟಾಗುತ್ತದೆ.

ಪಾರ್ಶ್ವವಾಯು ತಡೆಯುವ ಮಾತ್ರೆ

ಎಡ ಮೇಲ್ಕೋಣೆಗೆ ಅಂಟಿಕೊಂಡು ಬೆರಳಿನಾಕಾರದ ಒಂದು ಚೀಲವಿದೆ. ಕೋಣೆ ಹಿಂಡದೆ ಅದುರುವಾಗ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಹೆಪ್ಪು ಕಳಚಿಕೊಂಡು ಮಿದುಳಿಗೆ ಹೋದರೆ ಪಾರ್ಶ್ವವಾಯು. ಈ ಕಾಯಿಲೆ ಇರುವವರಲ್ಲಿ ಆ ಅಪಾಯ ಸುಮಾರು 5 ಪಟ್ಟು. ಎದೆ ಢವಗುಟ್ಟುವುದು ಗೊತ್ತಾಗುತ್ತದೋ ಇಲ್ಲವೋ ಎಂಬುದರ ಮೇಲೆ ಅಪಾಯ ನಿಂತಿಲ್ಲ. ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ದೌರ್ಬಲ್ಯ, ರಕ್ತನಾಳದ ಕಾಯಿಲೆ, ಹಿಂದೆ ಆಗಿದ್ದ ಪಾರ್ಶ್ವವಾಯು, ಇವುಗಳಿಗೆ ಅಂಕ ಕೊಟ್ಟು ವೈದ್ಯರು ನಿರ್ಧರಿಸುತ್ತಾರೆ. ವಯಸ್ಸು 75 ಅಥವಾ ಹೆಚ್ಚಿದ್ದರೆ 2 ಅಂಕ, ಹಿಂದೆ ಪಾರ್ಶ್ವವಾಯು ಆಗಿದ್ದರೆ 2, ಉಳಿದವಕ್ಕೆ ಒಂದೊಂದು. ನಿಮ್ಮ ಅಂಕ ಎಷ್ಟು ಎಂದು ಕೇಳಿ ತಿಳಿದುಕೊಳ್ಳಿ. ಮಾತ್ರೆ ಏಕೆ ಬೇಕು ಎಂಬುದಕ್ಕೆ ಅದಕ್ಕಿಂತ ನೇರವಾದ ಉತ್ತರ ಇಲ್ಲ. ಆಸ್ಪಿರಿನ್ ಈ ಕೆಲಸಕ್ಕೆ ಬರುವುದಿಲ್ಲ: ಹೆಪ್ಪನ್ನು ಸರಿಯಾಗಿ ತಡೆಯುವುದಿಲ್ಲ, ರಕ್ತಸ್ರಾವದ ಅಪಾಯವನ್ನು ಮಾತ್ರ ಹೆಚ್ಚಿಸುತ್ತದೆ.

ರಕ್ತ ತೆಳುವಾಗಿಸುವ ಹೊಸ ಮಾತ್ರೆಗಳಲ್ಲಿ ಅಪಿಕ್ಸಬಾನ್ ಮತ್ತು ಡಬಿಗಟ್ರಾನ್ ದಿನಕ್ಕೆ ಎರಡು ಸಲ, ರಿವರೋಕ್ಸಬಾನ್ ಮತ್ತು ಎಡೋಕ್ಸಬಾನ್ ದಿನಕ್ಕೆ ಒಂದು ಸಲ. ಇವುಗಳ ಪರಿಣಾಮ ಹೆಚ್ಚೆಂದರೆ ಒಂದು ದಿನ ಉಳಿಯುತ್ತದೆ. ನಿನ್ನೆ ಬಿಟ್ಟಿದ್ದರೆ ಇವತ್ತು ರಕ್ಷಣೆ ಇಲ್ಲ ಎಂದೇ ಲೆಕ್ಕ. ರಿವರೋಕ್ಸಬಾನ್ 15 ಅಥವಾ 20 ಮಿಲಿಗ್ರಾಂ ಮಾತ್ರೆಯನ್ನು ಹೊಟ್ಟೆ ತುಂಬಾ ಊಟದ ಜೊತೆಗೇ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ಸುಮಾರು ಮೂರನೇ ಒಂದು ಭಾಗ ರಕ್ತಕ್ಕೆ ಸೇರುವುದೇ ಇಲ್ಲ. ಡಬಿಗಟ್ರಾನ್ ಕ್ಯಾಪ್ಸೂಲನ್ನು ಬಿಚ್ಚಿ ಪುಡಿಯನ್ನು ನುಂಗಬಾರದು. ಹಾಗೆ ಮಾಡಿದರೆ ಬೇಕಾದ್ದಕ್ಕಿಂತ ಬಹಳ ಹೆಚ್ಚು ಔಷಧ ಒಳಹೋಗಿ ರಕ್ತಸ್ರಾವವಾಗಬಹುದು. ತೇವ ತಾಗಿದರೆ ಅದು ಕೆಡುತ್ತದೆ, ಆದ್ದರಿಂದ ವಾರದ ಮಾತ್ರೆ ಡಬ್ಬಿಗೆ ಹಾಕಿಡದೆ ಬಂದ ಪ್ಯಾಕಿನಲ್ಲೇ ಇಡಿ.

ಮಾತ್ರೆ ಮರೆತುಹೋದರೆ? ದಿನಕ್ಕೆ ಎರಡು ಸಲದ್ದಾದರೆ 6 ಗಂಟೆಯೊಳಗೆ, ಒಂದು ಸಲದ್ದಾದರೆ 12 ಗಂಟೆಯೊಳಗೆ ನೆನಪಾದಾಗ ತೆಗೆದುಕೊಳ್ಳಬಹುದು. ಅದು ದಾಟಿದ್ದರೆ ಬಿಟ್ಟು ಮುಂದಿನದ್ದನ್ನು ಅದರ ಹೊತ್ತಿಗೆ ತೆಗೆದುಕೊಳ್ಳಿ. ಮರೆತದ್ದಕ್ಕೆಂದು ಎರಡು ಒಟ್ಟಿಗೆ ನುಂಗಬೇಡಿ.

ಹೃದಯದಲ್ಲಿ ಲೋಹದ ಕವಾಟ ಕೂರಿಸಿದ್ದರೆ, ಅಥವಾ ಸಂಧಿವಾತ ಜ್ವರದಿಂದ ಮೈಟ್ರಲ್ ಕವಾಟ ಸಾಕಷ್ಟು ಕಿರಿದಾಗಿದ್ದರೆ ಹೊಸ ಮಾತ್ರೆಗಳು ನಡೆಯುವುದಿಲ್ಲ, ವಾರ್ಫರಿನ್‌ನಂಥ ಹಳೆಯ ಔಷಧವೇ ಬೇಕು. ರುಮ್ಯಾಟಿಕ್ ಕವಾಟದ ರೋಗಿಗಳಲ್ಲಿ ವಾರ್ಫರಿನ್ ವರ್ಗದ ಔಷಧಕ್ಕೂ ರಿವರೋಕ್ಸಬಾನ್‌ಗೂ ಹೋಲಿಕೆ ಮಾಡಿದ, 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಹಳೆಯ ಔಷಧದವರೇ ಹೆಚ್ಚು ಬದುಕಿದರು. ವಾರ್ಫರಿನ್‌ನ ಕಷ್ಟ ಐಎನ್‌ಆರ್ ಪರೀಕ್ಷೆ, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವ ರಕ್ತಪರೀಕ್ಷೆ. ಏಟ್ರಿಯಲ್ ಫಿಬ್ರಿಲೇಶನ್‌ಗೆ ಅದು 2ರಿಂದ 3ರ ನಡುವೆ ಇರಬೇಕು. ಲೋಹದ ಕವಾಟವಿದ್ದರೆ ಗುರಿ ಇನ್ನೂ ಹೆಚ್ಚಿರಬಹುದು. ಸೊಪ್ಪು ತಿನ್ನಲೇಬಾರದು ಎಂಬುದು ತಪ್ಪು ಸಲಹೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ಗೆ ಎದುರಾಗಿ ಕೆಲಸ ಮಾಡುತ್ತದೆ ನಿಜ, ಆದರೆ ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣ ತಿಂದರೆ ಅದಕ್ಕೆ ತಕ್ಕಂತೆ ಮಾತ್ರೆಯನ್ನು ಹೊಂದಿಸಬಹುದು. ಒಂದು ವಾರ ಬಿಟ್ಟು ಮುಂದಿನ ವಾರ ದಿನವೂ ತಿಂದಾಗಲೇ ಅಂಕಿ ಏರುಪೇರಾಗುವುದು. ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್, ಕೋಟ್ರೈಮೊಕ್ಸಜೋಲ್, ಫ್ಲುಕೊನಜೋಲ್ ಮುಂತಾದ ಔಷಧಗಳು ಐಎನ್‌ಆರ್ ಅನ್ನು ಜೋರಾಗಿ ಏರಿಸುತ್ತವೆ. ಇಂಥದ್ದನ್ನು ಶುರುಮಾಡಿದರೆ 3ರಿಂದ 5 ದಿನದೊಳಗೆ ಒಮ್ಮೆ ಪರೀಕ್ಷೆ ಮಾಡಿಸಬೇಕು.

ಹೆದರಿಕೆಯಿಂದ ಮಾತ್ರೆಯನ್ನು ಅರ್ಧ ಮಾಡಿಕೊಳ್ಳುವುದು ನಾವು ಕಾಣುವ ಅತಿ ದುಬಾರಿ ತಪ್ಪು. ಕಡಿಮೆ ಪ್ರಮಾಣಕ್ಕೆ ಖಚಿತವಾದ ನಿಯಮಗಳಿವೆ. ಉದಾಹರಣೆಗೆ ಅಪಿಕ್ಸಬಾನ್ 5 ಮಿಲಿಗ್ರಾಂನಿಂದ 2.5ಕ್ಕೆ ಇಳಿಯಬೇಕಾದರೆ ವಯಸ್ಸು 80 ಅಥವಾ ಹೆಚ್ಚು, ತೂಕ 60 ಕಿಲೋ ಅಥವಾ ಕಡಿಮೆ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತದ ಅಂಕಿ) 1.5 ಅಥವಾ ಹೆಚ್ಚು, ಈ ಮೂರರಲ್ಲಿ ಎರಡಾದರೂ ಇರಬೇಕು. ಸುಮ್ಮನೆ ಕಡಿಮೆ ಮಾಡಿಕೊಂಡರೆ ಪಾರ್ಶ್ವವಾಯುವಿನಿಂದ ರಕ್ಷಣೆಯಷ್ಟೇ ತಗ್ಗುತ್ತದೆ. ಮೂತ್ರಪಿಂಡದ ಪರೀಕ್ಷೆ ವರ್ಷಕ್ಕೆ ಒಮ್ಮೆಯಾದರೂ ಆಗಬೇಕು, ಅದು ಈಗಾಗಲೇ ದುರ್ಬಲವಾಗಿದ್ದರೆ ಇನ್ನೂ ಬೇಗ ಬೇಗ.

ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫಿನಾಕ್ ಅನ್ನು ಔಷಧಿ ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳುವ ಅಭ್ಯಾಸ ಇಲ್ಲಿಗೆ ನಿಲ್ಲಬೇಕು. ಹೊಟ್ಟೆಯೊಳಗೆ ರಕ್ತ ಸುರಿಯುವುದಕ್ಕೆ ಇವೇ ಸಾಮಾನ್ಯ ಕಾರಣ. ಪ್ಯಾರಾಸಿಟಮಾಲ್ ವಾಸಿ. ಮೂಗಿನಿಂದ ರಕ್ತ ಬಂದರೆ ತಲೆ ಮೇಲೆತ್ತಬೇಡಿ. ಕೂತು, ಸ್ವಲ್ಪ ಮುಂದಕ್ಕೆ ಬಾಗಿ, ಮೂಗಿನ ಮೆತ್ತಗಿನ ಭಾಗವನ್ನು 10ರಿಂದ 15 ನಿಮಿಷ ಒಂದೇ ಸಮನೆ ಒತ್ತಿ ಹಿಡಿಯಿರಿ. ನಡುವೆ ಬಿಟ್ಟು ನೋಡಿದರೆ ಮತ್ತೆ ಮೊದಲಿನಿಂದ ಎಣಿಸಬೇಕಾಗುತ್ತದೆ. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಹೇಳಿ, ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಿ ಹೋಗಬೇಡಿ. ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರದಲ್ಲಿ ರಕ್ತ ಕಂಡರೆ ಅಥವಾ ತಲೆಗೆ ಪೆಟ್ಟು ಬಿದ್ದರೆ, ಚೆನ್ನಾಗಿಯೇ ಇದ್ದೇನೆ ಅನ್ನಿಸಿದರೂ ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು.

ಸುಸ್ತು ಕಾಯಿಲೆಯದ್ದೋ, ಮಾತ್ರೆಯದ್ದೋ

ಜನ ಹೇಳುವ ದೂರುಗಳಲ್ಲಿ ಎದೆಬಡಿತದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ ಕೇಳಿಬರುವುದು ಸುಸ್ತು. ಇದಕ್ಕೆ ವಿರುದ್ಧವಾದ ಎರಡು ಕಾರಣಗಳಿರಬಹುದು: ಬಡಿತ ಅತಿ ವೇಗವಾಗಿರುವುದು, ಇಲ್ಲವೇ ವೇಗ ತಗ್ಗಿಸುವ ಮಾತ್ರೆ ಅತಿಯಾಗಿರುವುದು. ಕೂತಲ್ಲೇ ನಾಡಿ ನೋಡಿದರೆ ಇದು ಬಗೆಹರಿಯುವುದಿಲ್ಲ. ಸುಸ್ತಾದ ಗಳಿಗೆಯಲ್ಲೇ, ನಡೆಯುತ್ತಿದ್ದವರು ನಿಂತ ತಕ್ಷಣ, ನಾಡಿ ಎಣಿಸಬೇಕು.

ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೂಳೆಗೂ ಸ್ನಾಯುವಿನ ಹುರಿಗೂ ನಡುವಿನ ತಗ್ಗಿನಲ್ಲಿ ಇನ್ನೊಂದು ಕೈಯ ಎರಡು ಅಥವಾ ಮೂರು ಬೆರಳ ತುದಿ ಇಡಿ. ಹೆಬ್ಬೆರಳು ಬೇಡ, ಅದರದ್ದೇ ಮಿಡಿತ ಗೊಂದಲ ಮಾಡುತ್ತದೆ. ಗಟ್ಟಿಯಾಗಿ ಒತ್ತಿದರೆ ನಾಡಿ ಮುಚ್ಚಿಹೋಗುತ್ತದೆ. ಕ್ರಮವಿಲ್ಲದ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ, ಪೂರ್ತಿ 60 ಸೆಕೆಂಡು ಎಣಿಸಿ. ನಡೆದು ನಿಂತಾಗ 150 ಇದ್ದರೆ ವೇಗ ಹತೋಟಿಯಲ್ಲಿಲ್ಲ. ಒಂದು ಮಹಡಿ ಹತ್ತಿದ ಮೇಲೂ 55ರಲ್ಲೇ ನಿಂತಿದ್ದರೆ ಮಾತ್ರೆ ಹೆಚ್ಚಾಗಿರಬೇಕು ಅಥವಾ ಹೃದಯದ ವಿದ್ಯುತ್ ದಾರಿಯಲ್ಲೇ ತಡೆ ಇರಬೇಕು. ಹೀಗೆ ಬರೆದುಕೊಂಡ ನಾಲ್ಕೈದು ಅಂಕಿಗಳು, 'ಯಾವಾಗಲೂ ಸುಸ್ತು ಡಾಕ್ಟ್ರೇ' ಎನ್ನುವುದಕ್ಕಿಂತ ಎಷ್ಟೋ ಪಾಲು ಉಪಯುಕ್ತ.

ವಿಶ್ರಾಂತಿಯಲ್ಲಿ ನಾಡಿ 110ಕ್ಕಿಂತ ಕೆಳಗಿದ್ದರೆ ಸಾಕು ಎಂಬುದು 2010ರ ಒಂದು ಡಚ್ ಅಧ್ಯಯನದ ನಂತರ ಒಪ್ಪಿತವಾದ ಮಾತು. ಆದರೆ ಅದು ತೊಂದರೆ ಕಾಣದವರಿಗೆ ಹೊಂದುವ ಅಂಕಿ. ಅಷ್ಟು ವೇಗದಲ್ಲಿ ಏದುಸಿರು ಇದ್ದರೆ 80ರ ಆಸುಪಾಸಿಗೆ ಇಳಿಸಿ ನೋಡುವುದು ನ್ಯಾಯ.

ಮೆಟೊಪ್ರೊಲಾಲ್, ಬಿಸೊಪ್ರೊಲಾಲ್‌ನಂಥ, ಬೀಟಾ ಬ್ಲಾಕರ್ ಎಂಬ ವೇಗ ತಗ್ಗಿಸುವ ಮಾತ್ರೆಗಳು ಸುಸ್ತು, ತಣ್ಣಗಿನ ಕೈಕಾಲು, ವಿಚಿತ್ರ ಕನಸು ತರಬಹುದು. ಕೆಲವರಲ್ಲಿ ಲೈಂಗಿಕ ಆಸಕ್ತಿಯನ್ನೂ ಸಾಮರ್ಥ್ಯವನ್ನೂ ಕುಗ್ಗಿಸಬಹುದು. ಇದನ್ನು ಹೇಳಲು ನಾಚಿಕೆಪಟ್ಟು ಸದ್ದಿಲ್ಲದೆ ಮಾತ್ರೆ ಬಿಡುವವರಿದ್ದಾರೆ. ಥಟ್ಟನೆ ಬಿಟ್ಟರೆ ಬಡಿತ ಮೊದಲಿಗಿಂತ ಜೋರಾಗಿ ಮರುಕಳಿಸುತ್ತದೆ. ಹೇಳಿದರೆ ಪ್ರಮಾಣ ಇಳಿಸುವುದು, ರಾತ್ರಿಗೆ ಬದಲಿಸುವುದು, ಹೃದಯದ ಪಂಪು ಬಲವಾಗಿದ್ದರೆ ಡಿಲ್ಟಿಯಾಜೆಮ್‌ನಂಥ ಬೇರೆ ಗುಂಪಿನ ಮಾತ್ರೆಗೆ ಹೋಗುವುದು, ಹೀಗೆ ಹಲವು ದಾರಿಗಳಿವೆ. ಹೊಸದಾಗಿ ಶುರುಮಾಡಿದ್ದಾದರೆ ಎರಡು ವಾರ ಕಾಯಿರಿ, ಎಷ್ಟೋ ಜನರ ದೇಹ ಹೊಂದಿಕೊಳ್ಳುತ್ತದೆ.

ಲಯವನ್ನೇ ಸರಿಪಡಿಸುವ ಮಾತ್ರೆಗಳಲ್ಲಿ ಅಮಿಯೊಡರೋನ್ ಅತ್ಯಂತ ಬಲಶಾಲಿ, ಅಷ್ಟೇ ಎಚ್ಚರ ಬೇಡುವಂಥದ್ದು. ಶುರುಮಾಡುವ ಮೊದಲೂ ಆಮೇಲೆ 6 ತಿಂಗಳಿಗೊಮ್ಮೆಯೂ ಥೈರಾಯ್ಡ್ ಮತ್ತು ಯಕೃತ್ತಿನ ಪರೀಕ್ಷೆ ಆಗಬೇಕು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಹೊಸದಾಗಿ ಒಣಕೆಮ್ಮು, ಉಬ್ಬಸ ಬಂದರೆ ಶ್ವಾಸಕೋಶಕ್ಕೆ ತಗುಲಿರಬಹುದು, ತಡಮಾಡಬಾರದು. ಬಿಟ್ಟ ಮೇಲೂ ವಾರಗಳಿಂದ ತಿಂಗಳುಗಳವರೆಗೆ ದೇಹದಲ್ಲಿ ಉಳಿಯುತ್ತದೆ. ವಾರ್ಫರಿನ್ ಜೊತೆಗಿದ್ದರೆ ಅದರ ಪರಿಣಾಮವನ್ನು ಏರಿಸುವುದರಿಂದ ವಾರ್ಫರಿನ್ ಪ್ರಮಾಣವನ್ನು ಮೂರನೇ ಒಂದರಿಂದ ಅರ್ಧದಷ್ಟು ತಗ್ಗಿಸಬೇಕಾಗುವುದು ಸಾಮಾನ್ಯ.

ವೇಗವೇ, ಲಯವೇ, ಅಬ್ಲೇಶನ್ನೇ

ವೇಗ ತಗ್ಗಿಸಿ ಲಯ ಕೆಟ್ಟೇ ಇರಲು ಬಿಡುವುದಕ್ಕೂ ಮಾತ್ರೆಯಿಂದ ಲಯ ಸರಿಪಡಿಸುವುದಕ್ಕೂ ಆಯಸ್ಸಿನಲ್ಲಿ ವ್ಯತ್ಯಾಸವಿಲ್ಲ ಎಂದು 2002ರ ಅಫರ್ಮ್ ಅಧ್ಯಯನ ಹೇಳಿತು. ಅದರಿಂದಾಗಿ ಬಹಳ ವರ್ಷ 'ವೇಗ ತಗ್ಗಿಸಿದರೆ ಸಾಕು' ಎಂಬ ಧೋರಣೆ ನಡೆಯಿತು. 2020ರ ಈಸ್ಟ್ ಅಧ್ಯಯನ ಇನ್ನೊಂದು ಮುಖ ತೋರಿಸಿತು: ಕಾಯಿಲೆ ಪತ್ತೆಯಾದ ಒಂದು ವರ್ಷದೊಳಗೆ ಲಯ ಸರಿಪಡಿಸಲು ಹೊರಟವರಲ್ಲಿ ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಮುಂತಾದವು ಒಟ್ಟಾಗಿ ಕಡಿಮೆಯಾದವು. ಹೊಸದಾಗಿ ಪತ್ತೆಯಾದವರು 'ಇನ್ನಷ್ಟು ಕೆಡಲಿ, ಆಮೇಲೆ ನೋಡೋಣ' ಎನ್ನದೆ ಲಯದ ಚಿಕಿತ್ಸೆಯ ಬಗ್ಗೆ ಮೊದಲ ವರ್ಷದಲ್ಲೇ ಕೇಳಬೇಕು ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಕಾಯಿಲೆ ಹಳತಾದಷ್ಟೂ ಮೇಲ್ಕೋಣೆಯ ಗೋಡೆ ಹಿಗ್ಗಿ ನಾರುಗಟ್ಟುತ್ತದೆ, ಆಮೇಲೆ ಯಾವ ಚಿಕಿತ್ಸೆಯೂ ಅಷ್ಟು ಚೆನ್ನಾಗಿ ಫಲಿಸುವುದಿಲ್ಲ.

ಈ ಅಡ್ಡಾದಿಡ್ಡಿ ಸಂಕೇತಗಳು ಹೆಚ್ಚಾಗಿ ಹುಟ್ಟುವುದು ಶ್ವಾಸಕೋಶದಿಂದ ಎಡ ಮೇಲ್ಕೋಣೆಗೆ ಬರುವ ರಕ್ತನಾಳಗಳ ಬಾಯಿಯಲ್ಲಿ ಎಂದು 1998ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಮಿಶೆಲ್ ಹೈಸಗೆರ್ ಅವರ ತಂಡ ತೋರಿಸಿತು. ಕ್ಯಾಥೆಟರ್ ಅಬ್ಲೇಶನ್ ನಿಂತಿರುವುದು ಇದರ ಮೇಲೆ. ತೊಡೆಸಂದಿಯ ರಕ್ತನಾಳದಿಂದ ತಂತಿ ಒಯ್ದು, ಆ ಬಾಯಿಗಳ ಸುತ್ತ ಶಾಖದಿಂದ, ಶೀತದಿಂದ ಅಥವಾ ವಿದ್ಯುತ್ ಮಿಡಿತದಿಂದ ಸಂಕೇತ ದಾಟದಂತೆ ಗಾಯದ ಬೇಲಿ ಹಾಕುತ್ತಾರೆ.

ಅಬ್ಲೇಶನ್ ಮಾಡಿಸಿಕೊಂಡವರು ಮೊದಲ ಮೂರು ತಿಂಗಳಲ್ಲಿ ಎದೆಗುಂದುವುದೇ ಹೆಚ್ಚು. ಒಳಗಿನ ಗಾಯ ಮಾಗುವವರೆಗೆ ಅದೇ ಹಳೆಯ ಢವಢವ ಮರಳಿ ಬರಬಹುದು. 8ರಿಂದ 12 ವಾರದೊಳಗೆ ಬಂದದ್ದನ್ನು ಸೋಲೆಂದು ಲೆಕ್ಕ ಹಾಕುವುದಿಲ್ಲ. ವಿಶ್ರಾಂತಿಯ ನಾಡಿ ಮೊದಲಿಗಿಂತ ಹತ್ತರಷ್ಟು ಏರಿರುವುದೂ ಸಾಮಾನ್ಯ. ಬಡಿತವನ್ನು ತಗ್ಗಿಸುವ ನರತಂತುಗಳಿಗೂ ಸ್ವಲ್ಪ ತಗುಲಿರುತ್ತದೆ. ತೊಡೆಸಂದಿಯಲ್ಲಿ ನೀಲಿ ಬಣ್ಣ ಹರಡಬಹುದು, ಅದು ಇಳಿಯುತ್ತದೆ. ಗಟ್ಟಿ ಗಂಟು ದೊಡ್ಡದಾಗುತ್ತಾ ಹೋದರೆ ಅಥವಾ ರಕ್ತ ಜಿನುಗಿದರೆ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿ. ಒಂದು ವಾರ ಭಾರ ಎತ್ತಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ಎಲ್ಲರಿಗೂ ಕನಿಷ್ಠ 2ರಿಂದ 3 ತಿಂಗಳು ಬೇಕೇ ಬೇಕು. ಅಪಾಯದ ಅಂಕ ಹೆಚ್ಚಿರುವವರಿಗೆ ಲಯ ಪೂರ್ತಿ ಸರಿಹೋದರೂ ಮುಂದುವರಿಯುತ್ತದೆ.

ಅಪರೂಪವಾದರೂ ಮರೆಯಬಾರದ ಒಂದು ಅಪಾಯವಿದೆ. ಎಡ ಮೇಲ್ಕೋಣೆಯ ಹಿಂಬದಿಗೆ ಅನ್ನನಾಳ ತಾಗಿಕೊಂಡಿರುತ್ತದೆ. ಗಾಯ ಆಳಕ್ಕಿಳಿದು ಎರಡರ ನಡುವೆ ತೂತಾದರೆ ಜೀವಕ್ಕೇ ಕುತ್ತು. ಇದು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಒಂದರಿಂದ ಎಂಟು ವಾರಗಳ ಒಳಗೆ, ಎಲ್ಲ ಸರಿಹೋಯಿತು ಅಂದುಕೊಂಡಾಗ. ಆ ಅವಧಿಯಲ್ಲಿ ಜ್ವರ, ನುಂಗುವಾಗ ನೋವು, ಎದೆನೋವು, ಮಾತು ತೊದಲುವುದು ಕಂಡರೆ ಅಬ್ಲೇಶನ್ ಮಾಡಿದ ಆಸ್ಪತ್ರೆಗೇ ಹೋಗಿ. ಬೇರೆ ಕಡೆ ಹೋಗಬೇಕಾಗಿ ಬಂದರೆ 'ಅಬ್ಲೇಶನ್ ಆಗಿದೆ, ಎಂಡೋಸ್ಕೋಪಿ ಮಾಡಬೇಡಿ, ಮೊದಲು ಸಿಟಿ ಸ್ಕ್ಯಾನ್ ಬೇಕಾಗಬಹುದು' ಎಂದು ಹೇಳಿ. ಎಂಡೋಸ್ಕೋಪಿಯಲ್ಲಿ ಊದುವ ಗಾಳಿ ಆ ತೂತಿನಿಂದ ಹೃದಯಕ್ಕೆ ನುಗ್ಗಬಹುದು.

ಮಾತ್ರೆಗೆ ಹೋಲಿಸಿದರೆ ಅಬ್ಲೇಶನ್ ಬದುಕಿನ ಗುಣಮಟ್ಟವನ್ನು ಹೆಚ್ಚು ಸುಧಾರಿಸುತ್ತದೆ ಎಂದು 2019ರ ಕಬಾನಾ ಅಧ್ಯಯನ ತೋರಿಸಿತು. ಆದರೆ ಎಲ್ಲರಿಗೂ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಕೆಲವರಿಗೆ ಎರಡನೆಯ ಸಲ ಬೇಕಾಗುತ್ತದೆ. ಏನೂ ತೊಂದರೆ ಕಾಣದವರಿಗೆ ಲಾಭ ಅಷ್ಟೇನೂ ಎದ್ದು ಕಾಣುವುದಿಲ್ಲ.

ಕೈಯಲ್ಲೇ ಇರುವ ಚಿಕಿತ್ಸೆ

ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಸ್ಥೂಲಕಾಯದ ರೋಗಿಗಳನ್ನು ಐದು ವರ್ಷ ಗಮನಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ದೇಹದ ತೂಕದಲ್ಲಿ 10 ಶೇಕಡಾ ಅಥವಾ ಹೆಚ್ಚು ಇಳಿಸಿ ಉಳಿಸಿಕೊಂಡವರು ಲಯ ಕೆಡದೆ ಇರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಆರು ಪಟ್ಟು. ಇಳಿಸಿ ಮತ್ತೆ ಏರಿಸಿಕೊಂಡವರಲ್ಲಿ ಆ ಲಾಭ ಒಂದಷ್ಟು ಕರಗಿತು. 90 ಕಿಲೋ ಇರುವವರಿಗೆ ಇದರರ್ಥ 9 ಕಿಲೋ, ಅವಸರವಿಲ್ಲದೆ. ಮದ್ಯದ ಬಗ್ಗೆಯೂ ಅಷ್ಟೇ ನೇರವಾದ ಪ್ರಯೋಗ 2020ರಲ್ಲಿ ಪ್ರಕಟವಾಗಿದೆ: ನಿಯಮಿತವಾಗಿ ಕುಡಿಯುವವರಲ್ಲಿ, ಕುಡಿತ ಮುಂದುವರಿಸಿದವರ ಪೈಕಿ 73 ಶೇಕಡಾ ಮಂದಿಗೆ ಆರು ತಿಂಗಳಲ್ಲಿ ಲಯ ಮತ್ತೆ ಕೆಟ್ಟಿತು, ಬಿಟ್ಟವರ ಪೈಕಿ 53 ಶೇಕಡಾ. ಕಾಫಿಯನ್ನು ಮಾತ್ರ ಅನ್ಯಾಯವಾಗಿ ದೂರುತ್ತಾರೆ; ಮಿತವಾಗಿ ಕುಡಿದರೆ ಹೆಚ್ಚಿನವರಿಗೆ ಅದರಿಂದ ಲಯ ಕೆಡುವುದಿಲ್ಲ. ನಿಮಗೆ ಕೆಡುತ್ತದೆ ಎಂದು ಕಂಡುಕೊಂಡಿದ್ದರೆ ಬಿಡಿ, ಅಷ್ಟೇ.

ಜೋರಾಗಿ ಗೊರಕೆ, ನಡುನಡುವೆ ಉಸಿರು ಕಟ್ಟುವುದು, ಹಗಲು ತೂಕಡಿಕೆ ಇದ್ದರೆ ನಿದ್ರಾ ಪರೀಕ್ಷೆ ಮಾಡಿಸಿ. ನಿದ್ದೆಯಲ್ಲಿ ಉಸಿರು ಕಟ್ಟಿದಾಗಲೆಲ್ಲ ಆಮ್ಲಜನಕ ಇಳಿದು, ಎದೆಯೊಳಗಿನ ಒತ್ತಡ ಏರುಪೇರಾಗಿ ಮೇಲ್ಕೋಣೆ ಎಳೆದಾಡಿದಂತಾಗುತ್ತದೆ. ಈ ತೊಂದರೆಯನ್ನು ಹಾಗೇ ಬಿಟ್ಟು ಅಬ್ಲೇಶನ್ ಮಾಡಿಸಿದರೆ ಲಯ ಮತ್ತೆ ಕೆಡುವ ಸಾಧ್ಯತೆ ಹೆಚ್ಚು.

ವ್ಯಾಯಾಮ ಮಾಡಬಹುದೇ ಎಂಬ ಪ್ರಶ್ನೆಗೆ ಉತ್ತರ, ಮಾಡಲೇಬೇಕು. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆಯಷ್ಟು ಗುರಿ. ನಿಂತುಹೋಗಿದ್ದವರು ದಿನಕ್ಕೆ 10 ನಿಮಿಷದಿಂದ ಶುರುಮಾಡಿ ವಾರಕ್ಕೆ ಐದೈದು ನಿಮಿಷ ಏರಿಸಬಹುದು. ಲಯ ಕೆಟ್ಟಿರುವಾಗ ಗಡಿಯಾರ ತೋರಿಸುವ ನಾಡಿಯ ಗುರಿಯನ್ನು ನೆಚ್ಚಿಕೊಳ್ಳಬೇಡಿ, ಮಾತನ್ನು ನೆಚ್ಚಿಕೊಳ್ಳಿ: ಪೂರ್ತಿ ವಾಕ್ಯ ಹೇಳಲು ಆಗಬೇಕು, ಹಾಡಲು ಆಗಬಾರದು, ಅದು ಸರಿಯಾದ ವೇಗ. ಶುರುವಿಗೂ ಕೊನೆಗೂ ಹತ್ತು ನಿಮಿಷ ನಿಧಾನಗತಿ ಇರಲಿ. ಎರಡು ಮಹಡಿ ಸಲೀಸಾಗಿ ಹತ್ತಬಲ್ಲವರಿಗೆ ಸಾಮಾನ್ಯವಾಗಿ ಲೈಂಗಿಕ ಜೀವನವೂ ಸುರಕ್ಷಿತವೇ.

ಭಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು

ಬಡಿತದ ಮೇಲೆ ಕಣ್ಣಿಟ್ಟಷ್ಟೂ ಬಡಿತ ಹೆಚ್ಚು ಕೇಳಿಸುತ್ತದೆ. ಭಯಪಟ್ಟಾಗ ಅಡ್ರಿನಲಿನ್ ಏರಿ ನಾಡಿ ನಿಜವಾಗಿಯೂ ವೇಗವಾಗುತ್ತದೆ, ಅದು ಕಾಯಿಲೆಯೇ ಬಂತೇನೋ ಎಂಬ ಭಯವನ್ನು ಇನ್ನಷ್ಟು ಏರಿಸುತ್ತದೆ. ಈ ಸುಳಿಯನ್ನು ಮುರಿಯುವ ವಿಧಾನವನ್ನು ಸ್ವೀಡನ್ನಿನ ಕರೊಲಿನ್‌ಸ್ಕಾ ಸಂಸ್ಥೆಯ ತಂಡ ಪ್ರಯೋಗಕ್ಕೊಡ್ಡಿ 2023ರಲ್ಲಿ ಪ್ರಕಟಿಸಿತು: ಇಂಟರ್‌ನೆಟ್ ಮೂಲಕ ಹತ್ತು ವಾರಗಳ ಅರಿವು-ವರ್ತನೆ ಚಿಕಿತ್ಸೆ. ಭಾಗವಹಿಸಿದವರ ಬದುಕಿನ ಗುಣಮಟ್ಟ ಸ್ಪಷ್ಟವಾಗಿ ಸುಧಾರಿಸಿತು.

ಅದರ ಸಾರ ಹೀಗಿದೆ. ಭಯದಿಂದ ಬಿಟ್ಟಿರುವ ಕೆಲಸಗಳನ್ನು ಬರೆದು, ಕಡಿಮೆ ಹೆದರಿಕೆಯದ್ದನ್ನು ಮೇಲೆ, ಹೆಚ್ಚಿನದ್ದನ್ನು ಕೆಳಗೆ ಜೋಡಿಸಬೇಕು. ಮೊದಲನೆಯದ್ದನ್ನು ವಾರದಲ್ಲಿ ಹಲವು ಸಲ ಮಾಡಬೇಕು, ನಾಡಿ ಹಿಡಿದು ನೋಡದೆ, ಜೊತೆಗೆ ಯಾರನ್ನೂ ಕಾವಲಿಗೆ ಕರೆದೊಯ್ಯದೆ. ಬಡಿತ ಏರುತ್ತದೆ, ಏರಲಿ; ಏರಿದ್ದು ತಾನಾಗಿಯೇ ಇಳಿಯುವುದನ್ನು ದೇಹ ಅನುಭವಿಸಬೇಕು. ಹೆದರಿಕೆ ಅರ್ಧಕ್ಕಿಳಿದ ಮೇಲೆ ಎರಡನೆಯದ್ದಕ್ಕೆ ಕೈಹಾಕಬೇಕು. ಇದನ್ನು ಶುರುಮಾಡುವ ಮೊದಲು ಬಡಿತದ ವೇಗ ಹತೋಟಿಯಲ್ಲಿದೆ ಎಂದು ವೈದ್ಯರಿಂದ ಖಚಿತಪಡಿಸಿಕೊಳ್ಳಿ.

ಗಡಿಯಾರದ ಇಸಿಜಿ ಒಳ್ಳೆಯ ಸಾಧನ. ಮೇಜಿನ ಮೇಲೆ ಕೈಯಿಟ್ಟು, ಅಲುಗದೆ ಕೂತು ತೆಗೆದ 30 ಸೆಕೆಂಡಿನ ದಾಖಲೆಯನ್ನು ವೈದ್ಯರು ನೋಡಿ ರೋಗನಿರ್ಣಯ ಮಾಡಬಲ್ಲರು. ಹಸಿರು ಬೆಳಕಿನಿಂದ ಸುಮ್ಮನೆ ನಾಡಿ ನೋಡುವ ಗಡಿಯಾರ ಅನುಮಾನ ಹುಟ್ಟಿಸಬಹುದು, ನಿರ್ಣಯ ಮಾಡಲಾರದು. ತೊಂದರೆ ಅನ್ನಿಸಿದಾಗ ಒಂದು ದಾಖಲೆ ಸಾಕು. ದಿನಕ್ಕೆ ಇಪ್ಪತ್ತು ಸಲ ತೆಗೆಯುತ್ತಿದ್ದರೆ ಅದೇ ಚಿಕಿತ್ಸೆ ಬೇಡುವ ಲಕ್ಷಣ. ಮನೆಯ ಬಿಪಿ ಯಂತ್ರಕ್ಕೂ ಕ್ರಮವಿಲ್ಲದ ನಾಡಿ ಗೊಂದಲ ಉಂಟುಮಾಡುತ್ತದೆ. ಒಂದೊಂದು ನಿಮಿಷ ಬಿಟ್ಟು ಮೂರು ಸಲ ನೋಡಿ ಸರಾಸರಿ ತೆಗೆಯಿರಿ.

ಬಡಿತ ಕೆಟ್ಟ ಗಳಿಗೆಯಲ್ಲಿ

ಕೂತುಕೊಳ್ಳಿ. ಹೊತ್ತು ಬರೆದಿಡಿ, ನಾಡಿ ಒಂದು ನಿಮಿಷ ಎಣಿಸಿ, ಸಾಧ್ಯವಾದರೆ ಒಂದು ಇಸಿಜಿ ದಾಖಲೆ ತೆಗೆಯಿರಿ. ಮಾತ್ರೆ ಮರೆತಿದ್ದೀರಾ ನೋಡಿ. ವೈದ್ಯರು ಮೊದಲೇ ಹೇಳಿಕೊಟ್ಟ ಹೆಚ್ಚುವರಿ ಮಾತ್ರೆ ಇದ್ದರೆ ಅವರು ಹೇಳಿದಷ್ಟೇ ತೆಗೆದುಕೊಳ್ಳಿ. ಏದುಸಿರು, ಎದೆನೋವು ಇಲ್ಲದಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಪ್ಪದೆ ನಡೆಯುತ್ತಿದ್ದರೆ ಮನೆಯಲ್ಲೇ ಕಾಯಬಹುದು. ಎಷ್ಟೋ ಸಲ ಕೆಲವು ಗಂಟೆಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಎಷ್ಟು ಗಂಟೆ ಕಾಯಬೇಕು ಎಂಬುದನ್ನು ಮೊದಲೇ ವೈದ್ಯರ ಹತ್ತಿರ ಕೇಳಿ ಬರೆಸಿಟ್ಟುಕೊಳ್ಳಿ.

ಎದೆನೋವು, ಕೂತಲ್ಲೇ ಏದುಸಿರು, ಪ್ರಜ್ಞೆ ತಪ್ಪುವುದು, ಮುಖ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಆಂಬ್ಯುಲೆನ್ಸ್ ಕರೆಯಿರಿ. ಪಾರ್ಶ್ವವಾಯುವಿನ ಲಕ್ಷಣ ಶುರುವಾದ ಹೊತ್ತನ್ನೂ ಕೊನೆಯ ಮಾತ್ರೆ ನುಂಗಿದ ಹೊತ್ತನ್ನೂ ವೈದ್ಯರು ಮೊದಲು ಕೇಳುತ್ತಾರೆ, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಬಹುದೇ ಎಂಬುದು ಅದರ ಮೇಲೆ ನಿಂತಿದೆ.

ಒಮ್ಮೆಲೇ ಶುರುವಾಗಿ, ಕ್ರಮಬದ್ಧವಾಗಿ 180ರಂತೆ ಓಡಿ, ಒಮ್ಮೆಲೇ ನಿಲ್ಲುವುದು ಎಸ್‌ವಿಟಿ ಎಂಬ ಬೇರೆಯೇ ತೊಂದರೆ ಇರಬಹುದು. ಅದಕ್ಕೆ ವೈದ್ಯರು ಕಲಿಸಿಕೊಡುವ ಒಂದು ಉಪಾಯವಿದೆ. ಒರಗಿ ಕೂತು, ಖಾಲಿ 10 ಮಿಲಿಲೀಟರ್ ಸಿರಿಂಜಿನ ತುದಿಗೆ ಬಾಯಿಟ್ಟು ಒಳಗಿನ ದಂಡ ಅಲುಗುವಷ್ಟು ಬಲವಾಗಿ 15 ಸೆಕೆಂಡು ಊದಬೇಕು. ಊದಿ ಮುಗಿದ ತಕ್ಷಣ ಚಪ್ಪಟೆಯಾಗಿ ಮಲಗಿ, ಇನ್ನೊಬ್ಬರು ಎರಡೂ ಕಾಲನ್ನು 45 ಡಿಗ್ರಿಯಷ್ಟು ಎತ್ತಿ 15 ಸೆಕೆಂಡು ಹಿಡಿಯಬೇಕು. 2015ರ ಬ್ರಿಟಿಷ್ ಪ್ರಯೋಗದಲ್ಲಿ ಕೂತೇ ಊದಿದಾಗ 17 ಶೇಕಡಾ ಮಂದಿಗೆ, ಹೀಗೆ ಕಾಲೆತ್ತಿದಾಗ 43 ಶೇಕಡಾ ಮಂದಿಗೆ ಲಯ ಮರಳಿತು. ಏಟ್ರಿಯಲ್ ಫಿಬ್ರಿಲೇಶನ್ ಇದರಿಂದ ನಿಲ್ಲುವುದಿಲ್ಲ.

ವೈದ್ಯರ ಭೇಟಿಗೆ

ಭೇಟಿಯ ಹತ್ತು ನಿಮಿಷದಲ್ಲಿ ಇಸಿಜಿಯ ಬಗ್ಗೆ ಮಾತು ತಾನಾಗಿಯೇ ಬರುತ್ತದೆ, ಬದುಕಿನ ಬಗ್ಗೆ ನೀವೇ ತೆಗೆಯಬೇಕು. ವೈದ್ಯರು ಬಳಸುವ ಯುರೋಪಿನ ಲಕ್ಷಣ ಮಾಪನದಲ್ಲಿ 1 ಎಂದರೆ ಏನೂ ತೊಂದರೆಯಿಲ್ಲ, 2ಎ ಎಂದರೆ ತೊಂದರೆ ಅಲ್ಪ, 2ಬಿ ಎಂದರೆ ಕೆಲಸ ಮಾಡಲಾಗುತ್ತದೆ ಆದರೆ ಲಕ್ಷಣಗಳು ಕಾಡುತ್ತವೆ, 3 ಎಂದರೆ ದಿನದ ಕೆಲಸಕ್ಕೇ ಅಡ್ಡಿ, 4 ಎಂದರೆ ಕೆಲಸವೇ ನಿಂತಿದೆ. ನೀವು ಎಲ್ಲಿದ್ದೀರಿ ಎಂದು ಮನೆಯಲ್ಲೇ ಯೋಚಿಸಿ, ಜೊತೆಯಲ್ಲಿ ಇರುವವರನ್ನೂ ಕೇಳಿ. ನಿಧಾನವಾಗಿ ಕಡಿಮೆಯಾದ ಓಡಾಟ ಅನುಭವಿಸುವವರಿಗಿಂತ ನೋಡುವವರಿಗೇ ಬೇಗ ಕಾಣುತ್ತದೆ. ಎಷ್ಟೋ ಮಂದಿ 'ವಯಸ್ಸಾಯಿತಲ್ಲ' ಎಂದುಕೊಂಡು ತಮ್ಮನ್ನು 1ರಲ್ಲಿ ಇಟ್ಟುಕೊಂಡಿರುತ್ತಾರೆ. ಲಯ ಮರಳಿದ ಮೇಲೆಯೇ ಅವರಿಗೆ ಎಷ್ಟು ಕಳೆದುಕೊಂಡಿದ್ದೆವು ಎಂದು ಗೊತ್ತಾಗುವುದು. ಹೀಗೆ ಅನುಮಾನವಿದ್ದಾಗ ವಿದ್ಯುತ್ ಆಘಾತ ಕೊಟ್ಟು ಒಮ್ಮೆ ಲಯ ಸರಿಪಡಿಸಿ, ಆ ಕೆಲವು ವಾರ ಮೈ ಹಗುರಾಯಿತೇ ಎಂದು ನೋಡುವುದೂ ಒಂದು ಒಳ್ಳೆಯ ಪರೀಕ್ಷೆ. ಅದಕ್ಕೆ ಮುಂಚೆ 3 ವಾರ, ಆಮೇಲೆ ಕನಿಷ್ಠ 4 ವಾರ ರಕ್ತ ತೆಳುವಾಗಿಸುವ ಮಾತ್ರೆ ಒಂದೂ ತಪ್ಪಬಾರದು. ನಡುವೆ ತಪ್ಪಿದ್ದರೆ ಮುಚ್ಚಿಡದೆ ಹೇಳಿ. ಬಾಯಿಯ ಮೂಲಕ ಅನ್ನನಾಳಕ್ಕೆ ನಳಿಕೆ ಇಳಿಸಿ ಎಕೋ ಮಾಡಿ, ಹೆಪ್ಪು ಇಲ್ಲವೆಂದು ನೋಡಿಕೊಂಡೇ ಮುಂದುವರಿಯುತ್ತಾರೆ.